ಎಲ್ಡನ್ ಸ್ಟ್ರೂಪ್ ಓಡಿದ ಭಾನುವಾರ

ಎಲ್ಡನ್ ಸ್ಟ್ರೂಪ್ ಓಡುವುದನ್ನು ನಮ್ಮ ಟ್ರೆಂಟರ್‌ವಿಲ್ ಊರಿನಲ್ಲಿ ಯಾರೂ ಕಂಡವರಿರಲಿಲ್ಲ. ಹೆತ್ತ ತಾಯಿ ಕಂಡಿದ್ದಳೋ ಏನೋ, ಕೇಳೋಣವೆಂದರೆ ಆಕೆಯನ್ನೂ ಅವನೇ ಗಾಡಿಯಲ್ಲಿ ನಿಧಾನವಾಗಿ ಸಾಗಿಸಿ ಮಣ್ಣು ಮಾಡಿ ಬಂದಿದ್ದ. ರುಪರ್ಟ್ ಎಂಬುವರು ನಡೆಸುತ್ತಿದ್ದ ಶವಸಂಸ್ಕಾರದ ಮನೆಯಲ್ಲಿ ಅವನಿಗೆ ಕೆಲಸ. ಹೆಣದ ಗಾಡಿ ನಡೆಸುವವನು ಅವನೇ, ಹೆಣಕ್ಕೆ ಗಡ್ಡ ಹೆರೆಯುವವನು ಅವನೇ, ಮಡಿಚುವ ಕುರ್ಚಿಗಳನ್ನು ಸಾಲಾಗಿ ಹಾಕುವವನು ಅವನೇ. ಮಾಲೀಕ ರುಪರ್ಟರು ಬಂದವರ ಕೈ ಕುಲುಕುತ್ತಿದ್ದರು. ಉಳಿದದ್ದೆಲ್ಲ ಎಲ್ಡನ್.

ಆ ಕಸುಬಿಗೊಂದು ಧರ್ಮವಿದೆ. ಓಡಬಾರದು, ದನಿ ಎತ್ತಬಾರದು, ಜನರ ಎದುರು ಗಡಿಯಾರ ನೋಡಬಾರದು. ಸತ್ತವನಿಗೆ ಅವಸರವಿಲ್ಲದ ಮೇಲೆ ಹೊರುವವನಿಗೆ ಎಲ್ಲಿಯ ಅವಸರ? ಎಲ್ಡನ್ ಈ ಧರ್ಮವನ್ನು ಮನೆಗೂ ತಂದುಕೊಂಡಿದ್ದ. ಒಮ್ಮೆ ಊರಿನ ವನಭೋಜನದಲ್ಲಿ ಮಾಂಸ ಸುಡುವ ಒಲೆಯಿಂದ ಕಿಡಿ ಹಾರಿ ಅವನ ಪ್ಯಾಂಟಿಗೆ ಬೆಂಕಿ ಹತ್ತಿತು. ಎಲ್ಡನ್ ಟೋಪಿ ತೆಗೆದು, ಎದುರಿಗೆ ಕೂತಿದ್ದವರಿಗೆ "ಒಂದ್ನಿಮಿಷ, ಬಂದೆ" ಎಂದು ಹೇಳಿ, ಹೊಗೆಯಾಡುತ್ತ ಕೆರೆಯವರೆಗೂ ನಡೆದುಕೊಂಡು ಹೋದ.

ಅವನ ವೃತ್ತಿಯ ಕಿರೀಟದಂಥ ಗಳಿಗೆ ಎಂದರೆ ಕೀಲಿ ಕೊಡುವುದು. ರುಪರ್ಟರು ಮಾರುತ್ತಿದ್ದ ಉಕ್ಕಿನ ಶವಪೆಟ್ಟಿಗೆಗಳ ಮುಚ್ಚಳದ ಅಂಚಿಗೆ ರಬ್ಬರಿನ ಪಟ್ಟಿ ಇರುತ್ತಿತ್ತು; ಕಾಲಿನ ಕಡೆ ಒಂದು ಸಣ್ಣ ತೂತು. ಆರು ಮೂಲೆಯ ಮೂತಿಯಿದ್ದ ಡೊಂಕು ಕೀಲಿಯನ್ನು ಅದರೊಳಗಿಟ್ಟು ತಿರುಗಿಸಿದರೆ ಮುಚ್ಚಳ ಬಿಗಿದು ಕೂರುತ್ತಿತ್ತು. ನೀರು ಹೋಗದು, ಹುಳ ಹೋಗದು, ಗಾಳಿಯೂ ಹೋಗದು ಎಂದು ರುಪರ್ಟರು ಗಿರಾಕಿಗಳಿಗೆ ಭರವಸೆ ಕೊಡುತ್ತಿದ್ದರು. ಒಳಗಿನಿಂದ ಹೊರಗೆ ಬರುವ ವಿಷಯವನ್ನು ಯಾವ ಗಿರಾಕಿಯೂ ಕೇಳಿರಲಿಲ್ಲ.

ಬಿಗಿದಾದ ಮೇಲೆ ಎಲ್ಡನ್ ಆ ಕೀಲಿಯನ್ನು ಬಿಳಿಯ ಕರವಸ್ತ್ರದ ಮೇಲಿಟ್ಟು, ತಲೆ ತಗ್ಗಿಸಿ, ಮೊದಲ ಸಾಲಿಗೆ ನಡೆದು ಹೋಗಿ ವಿಧವೆಯ ಅಂಗೈಯಲ್ಲಿಡುತ್ತಿದ್ದ. "ಇದಕ್ಕೆ ಇದೊಂದೇ ಕೀಲಿ ಅಮ್ಮ. ಇನ್ನು ಅವರ ತಂಟೆಗೆ ಯಾರೂ ಬರೋ ಹಾಗಿಲ್ಲ" ಎನ್ನುತ್ತಿದ್ದ. ಆ ಮಾತಿಗೆ ಕರಗದ ಹೆಂಗಸಿರಲಿಲ್ಲ. ಊರಿನ ವಿಧವೆಯರೆಲ್ಲರ ಮನೆಯಲ್ಲೂ ಅಂಥದೊಂದು ಕೀಲಿಯಿತ್ತು, ಹೊಲಿಗೆಯ ಡಬ್ಬಿಯಲ್ಲೋ ಬೈಬಲಿನ ಪಕ್ಕದಲ್ಲೋ. ಬರ್ನೀಸ್ ಕ್ಲಿಂಗರಮ್ಮ ಮಾತ್ರ ತಮ್ಮ ಗಂಡ ಕ್ಲಾರೆನ್ಸರ ಕೀಲಿಯನ್ನು ಸರಪಳಿಗೆ ಪೋಣಿಸಿ ಕೊರಳಲ್ಲೇ ಹಾಕಿಕೊಂಡಿದ್ದರು. ಆಕೆ ಚರ್ಚಿನ ಮಹಿಳಾ ಸಂಘದ ಅಧ್ಯಕ್ಷೆ, ಭಾನುವಾರದ ಶಾಲೆಯಲ್ಲಿ ನಮಗೆಲ್ಲ ಪಾಠ ಹೇಳಿದವರು. ಆ ಕೀಲಿ ಎದೆಯ ಮೇಲೆ ತೂಗಾಡುತ್ತ ಬಂದರೆ ಪಾದ್ರಿಗಳೂ ನೇರವಾಗಿ ಕೂರುತ್ತಿದ್ದರು.

ಇಂಥ ಎಲ್ಡನ್ ಸೈತಾನನ ಬ್ಯಾಂಡಿಗೆ ಸೇರಿದ್ದು ಹೇಗೆ ಎಂದು ಹೇಳಬೇಕು.

ಸಾವಿರದ ಒಂಬೈನೂರ ಅರವತ್ತೊಂಬತ್ತನೆಯ ಇಸವಿ. ದೇಶದಲ್ಲಿ ಗಿಟಾರ್ ಹಿಡಿದ ಪ್ರತಿಯೊಬ್ಬನೂ ತಲೆಗೆ ಹೂ ಮುಡಿದು ಪ್ರೀತಿ ಶಾಂತಿ ಎಂದು ಹಾಡುತ್ತಿದ್ದ. ಅಮೆರಿಕದ ಇಂಡಿಯಾನಾ ರಾಜ್ಯದ ಜೋಳದ ಹೊಲಗಳ ನಡುವೆ ಹುಟ್ಟಿದ ನಮಗೆ ಅದರಲ್ಲಿ ಜಾಗ ಸಿಗಲಿಲ್ಲ. ಮದುವೆಗಳಲ್ಲಿ ಪೋಲ್ಕಾ ಕುಣಿತದ ಹಾಡು ನುಡಿಸಿ ಹೊಟ್ಟೆ ತುಂಬ ಸಾಸೇಜು ತಿಂದು ಮನೆಗೆ ಬರುತ್ತಿದ್ದೆವು. ಒಂದು ದಿನ ನಮ್ಮ ಗಾಯಕಿ ಡಾರ್ಲೀನ್ ಫೋಗ್ಟ್ ಔಷಧಿ ಅಂಗಡಿಯ ಪುಸ್ತಕದ ಗೂಡಿನಿಂದ ಮಾಟಮಂತ್ರದ ಒಂದು ಅಗ್ಗದ ಪುಸ್ತಕ ಹಿಡಿದು ಬಂದಳು.

"ಎಲ್ಲರೂ ಬೆಳಕಿನ ಬಗ್ಗೆ ಹಾಡ್ತಿದಾರೆ. ಕತ್ತಲೆ ಖಾಲಿ ಬಿದ್ದಿದೆ ಕಣ್ರೋ" ಎಂದಳು.

ಹೀಗೆ 'ಹೆಮ್ಲಾಕ್ ಚಾಪೆಲ್' ಹುಟ್ಟಿತು. ಹೆಮ್ಲಾಕ್ ಒಂದು ವಿಷದ ಗಿಡ. ಹೊಲದ ಬದುವಿನಲ್ಲಿ ಬೆಳೆಯುತ್ತದೆ, ದನಗಳು ತಿಂದು ಸಾಯುತ್ತವೆ. ಚಾಪೆಲ್ ಎಂದರೆ ಪುಟ್ಟ ಚರ್ಚು. ಆರ್ಗನ್ನಿಗೆ ನಾನು, ಡ್ರಮ್ಮಿಗೆ ಲೋವೆಲ್ ಟಿಬೆಟ್ಸ್, ಗಿಟಾರುಗಳಿಗೆ ಪ್ರೂಯಿಟ್ ಸೋದರರು. ನಮ್ಮಲ್ಲಿ ಯಾರಿಗೂ ಸೈತಾನನ ಪರಿಚಯವಿರಲಿಲ್ಲ, ಎಲ್ಲರೂ ಭಾನುವಾರ ತಪ್ಪದೆ ಚರ್ಚಿಗೆ ಹೋಗುವ ಮೆಥಡಿಸ್ಟ್ ಪಂಗಡದವರು. ಡಾರ್ಲೀನ್ ಚರ್ಚಿನ ಹಾಡುಗಾರರ ಬಿಳಿ ನಿಲುವಂಗಿಗಳನ್ನು ತಾಯಿ ಟೊಮೆಟೊ ಬೇಯಿಸುವ ಹಂಡೆಯಲ್ಲಿ ಕಪ್ಪು ಬಣ್ಣಕ್ಕೆ ಅದ್ದಿ ತೆಗೆದಳು. ಆ ವರ್ಷ ಫೋಗ್ಟರ ಮನೆಯ ಟೊಮೆಟೊ ಸಾರನ್ನು ಯಾರೂ ಮುಟ್ಟಲಿಲ್ಲ.

ನಮ್ಮ ಹಾಡುಗಳು ಉದ್ದ, ನನ್ನ ಆರ್ಗನ್ ಗುಹೆಯೊಳಗಿನ ಹಸುವಿನಂತೆ ನರಳುತ್ತಿತ್ತು, ಡಾರ್ಲೀನಳ ಗಂಟಲಿನಿಂದ ಹೊರಟ ಕಿರುಚು ಕೇಳಿ ನಾಯಿಗಳು ಮೇಜಿನ ಕೆಳಗೆ ಸೇರುತ್ತಿದ್ದವು. ಆದರೂ ಏನೋ ಕಡಿಮೆಯಾಗುತ್ತಿತ್ತು. ಆ ಕೊರತೆ ತುಂಬಿದ್ದು ರುಪರ್ಟರು. ರೈಲಿನಲ್ಲಿ ಬರುವಾಗ ಒಂದು ಉಕ್ಕಿನ ಪೆಟ್ಟಿಗೆಯ ಪಕ್ಕ ನೆಗ್ಗಿತ್ತು. ನೆಗ್ಗಿದ ಪೆಟ್ಟಿಗೆಯಲ್ಲಿ ಮಲಗಲು ನಮ್ಮ ಊರಿನ ಹೆಣಗಳು ಒಪ್ಪುವುದಿಲ್ಲ. ಅದನ್ನೂ, ಮೂಲೆಗೆ ಬಿದ್ದಿದ್ದ ಹಳೆಯ ಹೆಣದ ಗಾಡಿಯನ್ನೂ ನಮಗೆ ಬಾಡಿಗೆಗೆ ಕೊಟ್ಟರು. ಷರತ್ತು ಒಂದೇ: ಎರಡಕ್ಕೂ ಎಲ್ಡನ್ ಜೊತೆಗಿರಬೇಕು.

ಎಲ್ಡನ್ ಬಂದ. ತನ್ನ ಕಪ್ಪು ಸೂಟು, ಕಪ್ಪು ಟೈ, ಮೇಣದಂಥ ಮುಖ ಹೊತ್ತು ವೇದಿಕೆಗೆ ನಡೆದು ಬಂದರೆ ಹದಿಹರೆಯದವರೆಲ್ಲ ಉಸಿರು ಬಿಗಿಹಿಡಿಯುತ್ತಿದ್ದರು. ನಾವು ಬಣ್ಣ ಬಳಿದು, ಮೊಂಬತ್ತಿ ಹಚ್ಚಿ, ಶಿಲುಬೆಯನ್ನು ತಲೆಕೆಳಗು ಮಾಡಿ ಪಡೆಯಲಾಗದ ಭಯವನ್ನು ಅವನು ಸುಮ್ಮನೆ ನಿಂತು ಪಡೆಯುತ್ತಿದ್ದ. ಕೊನೆಯ ಹಾಡಿನಲ್ಲಿ ಡಾರ್ಲೀನ್ ಪೆಟ್ಟಿಗೆಯಲ್ಲಿ ಮಲಗುವಳು. ಎಲ್ಡನ್ ಮುಚ್ಚಳ ಇಳಿಸುವನು. ನನ್ನ ಆರ್ಗನ್ ನರಳುವುದು. ಆಮೇಲೆ ಅವನು ಮುಚ್ಚಳ ಎತ್ತುವನು, ಅವಳು ಕಿರುಚುತ್ತ ಏಳುವಳು.

ಡಾರ್ಲೀನಳಿಗೆ ಉಬ್ಬಸವಿತ್ತು. ಅದಕ್ಕೆ ಎಲ್ಡನ್ ತಾನೇ ಒಂದು ಮರದ ಬೆಣೆ ಕೆತ್ತಿದ್ದ. ಮುಚ್ಚಳದ ಕೆಳಗೆ ಅದನ್ನಿಟ್ಟರೆ ಬೆರಳಷ್ಟು ಸಂದು ಉಳಿಯುತ್ತಿತ್ತು, ಜನರಿಗೆ ಕಾಣುತ್ತಿರಲಿಲ್ಲ. ಪ್ರತಿ ಸಲವೂ ಮುಚ್ಚುವ ಮುನ್ನ ಬಗ್ಗಿ, "ಗಾಳಿ ಬರ್ತಿದ್ಯಾ ಮಗಾ?" ಎಂದು ಕೇಳುವನು. "ನಿಮ್ಮ ಟೈ ವಾಸನೇನೂ ಬರ್ತಿದೆ ಮಾಮ" ಎನ್ನುವಳು ಅವಳು.

ಸೆಪ್ಟೆಂಬರಿನ ಒಂದು ಭಾನುವಾರ ಮಧ್ಯಾಹ್ನ, ನಮ್ಮೂರಿನಿಂದ ಇಪ್ಪತ್ತು ಮೈಲಿ ಆಚೆ ಬಕ್‌ಹಾರ್ನ್ ಎಂಬಲ್ಲಿ, ಗಾಲಿಜೋಡು ಹಾಕಿಕೊಂಡು ಜಾರುವ ದೊಡ್ಡ ಅಂಕಣದಲ್ಲಿ ನಮ್ಮ ಕಾರ್ಯಕ್ರಮ. ಹೊಲಗಳಲ್ಲಿ ಕಳೆಗಿಡ ಹೂ ಬಿಟ್ಟಿದ್ದ ಕಾಲ; ಡಾರ್ಲೀನ್ ಬೆಳಗಿನಿಂದ ಸೀನುತ್ತಿದ್ದಳು. ಉಬ್ಬಸಕ್ಕೆ ಬಾಯಿಗೆ ಹೊಡೆದುಕೊಳ್ಳುವ ಔಷಧಿ ಅವಳ ಚೀಲದಲ್ಲಿತ್ತು, ಚೀಲ ನನ್ನ ಆರ್ಗನ್ನಿನ ಕೆಳಗಿತ್ತು.

ಬಾಗಿಲು ತೆರೆದಾಗ ಮೊದಲು ಒಳಗೆ ಬಂದದ್ದು ಹುಡುಗರಲ್ಲ, ಕ್ಲಿಂಗರಮ್ಮನ ಸೈನ್ಯ. ನಮ್ಮೂರಿನ ಮಹಿಳಾ ಸಂಘ ಕಾರುಗಳಲ್ಲಿ ದಂಡೆತ್ತಿ ಬಂದಿತ್ತು. ಜಿಲ್ಲೆಯ ಯುವಜನರ ಆತ್ಮಗಳು ಸತ್ತುಹೋದವೆಂದು ಶೋಕ ಸೂಚಿಸಲು ಅಡಿಯಿಂದ ಮುಡಿಯವರೆಗೆ ಕಪ್ಪು ಉಟ್ಟಿದ್ದರು. ಕಪ್ಪು ಟೋಪಿ, ಕಪ್ಪು ಕೈಗವಸು, ಕೈಯಲ್ಲಿ ಬಿಳಿ ಕರವಸ್ತ್ರ. ಟಿಕೆಟು ಕೊಂಡೇ ಒಳಗೆ ಬಂದು ಮೊದಲ ಸಾಲಿನ ಮಡಿಚುವ ಕುರ್ಚಿಗಳನ್ನು ಆಕ್ರಮಿಸಿದರು.

"ವೆಂಡೆಲ್" ಎಂದು ಕ್ಲಿಂಗರಮ್ಮ ನನ್ನನ್ನು ಕರೆದರು. "ನಿನಗೆ ಪಿಯಾನೋ ಕಲಿಸೋಕೆ ನಿಮ್ಮಮ್ಮ ಊರವರ ಬಟ್ಟೆ ಇಸ್ತ್ರಿ ಮಾಡಿದ್ಳು. ಸೈತಾನನ ಮನೇಲಿ ಊಟಕ್ಕಾದ್ರೂ ಹಾಕ್ತಾನಾ ಅವನು?"

"ಇಲ್ಲ ಟೀಚರ್. ಬರೀ ಸೋಡ."

"ನಗು, ನಗು. ಅವಳೆಲ್ಲಿ, ಡಾರ್ಲೀನು? ಅವಳಿಗಿಂತ ಚೆನ್ನಾಗಿ ಹಾಡೋ ಮಗು ನನ್ನ ಕ್ಲಾಸಲ್ಲಿ ಇರ್ಲಿಲ್ಲ. ಇವತ್ತು ಅವಳನ್ನ ಪೆಟ್ಟಿಗೇಲಿ ಮಲಗಿಸ್ತೀರಂತೆ. ಮಲಗಿಸಿ. ನಾವು ಮಣ್ಣು ಮಾಡಿ ಹೋಗೋಕೇ ಬಂದಿರೋದು."

ಕಾರ್ಯಕ್ರಮ ಶುರುವಾಯಿತು. ನಾವು ಗರ್ಜಿಸಿದೆವು, ಮೊದಲ ಸಾಲು ಕದಲಲಿಲ್ಲ. ಹಾಡುಗಳ ನಡುವೆ ನಾವು ನೀರು ಕುಡಿಯಲು ನಿಂತರೆ ಸಾಕು, ಅವರು ಶವಸಂಸ್ಕಾರದ ಸ್ತೋತ್ರವೊಂದನ್ನು ಮೆಲುದನಿಯಲ್ಲಿ ಎಳೆಯುತ್ತಿದ್ದರು. ಹಿಂದಿನ ಹುಡುಗರು ಅದನ್ನೂ ನಮ್ಮದೇ ಏರ್ಪಾಡೆಂದು ಚಪ್ಪಾಳೆ ತಟ್ಟಿದರು.

ಕೊನೆಯ ಹಾಡು ಬಂತು. ಡಾರ್ಲೀನ್ ಪೆಟ್ಟಿಗೆಯೊಳಗೆ ಮಲಗಿದಳು. ಎಲ್ಡನ್ ತೆರೆಯ ಮರೆಯಿಂದ ಹೊರಗೆ ಬಂದ. ಬಂದು ಮೊದಲ ಸಾಲನ್ನು ಕಂಡ.

ಅವನ ಎದುರು ಏನೇನಿತ್ತು ನೋಡಿ. ಉಕ್ಕಿನ ಪೆಟ್ಟಿಗೆ. ಬಿಳಿ ಹೂಗಳು. ಸಾಲಾಗಿ ಮಡಿಚುವ ಕುರ್ಚಿಗಳು. ಅವುಗಳಲ್ಲಿ ಕಪ್ಪು ಉಟ್ಟ, ಅವನಿಗೆ ಹೆಸರು ಹೆಸರಾಗಿ ಗೊತ್ತಿರುವ ವಿಧವೆಯರು. ನಾನು ಹಾಡು ಶುರು ಮಾಡಲು ಬೆರಳೆತ್ತಿದ್ದೆ. ಆ ಮೌನದಲ್ಲಿ ಅವರು ಆ ಹಳೆಯ ಸ್ತೋತ್ರ ಎತ್ತಿಕೊಂಡರು. ಎಲ್ಡನ್‌ನ ಹೆಗಲು ಇಳಿಯಿತು, ಗದ್ದ ಎದೆಗೆ ತಾಗಿತು. ಅಲ್ಲಿಂದ ಮುಂದಿನದನ್ನು ಮಾಡಿದವನು ಎಲ್ಡನ್ ಅಲ್ಲ, ಅವನ ಕೈಗಳು.

ಕೈಗಳು ಮರದ ಬೆಣೆಯನ್ನು, ಪೆಟ್ಟಿಗೆಯ ಮೇಲೆ ಯಾರೋ ಬಿಟ್ಟುಹೋದ ಕಸವೆಂಬಂತೆ, ತೆಗೆದು ಜೇಬಿಗಿಟ್ಟುಕೊಂಡವು. ಮುಚ್ಚಳವನ್ನು ಸದ್ದಿಲ್ಲದೆ ಇಳಿಸಿದವು. ಒಳಜೇಬಿನಿಂದ ಕೀಲಿ ತೆಗೆದು ತೂತಿನಲ್ಲಿಟ್ಟು ತಿರುಗಿಸಿದವು, ಎಂದಿನಂತೆ ಕೊನೆಗೊಂದು ಗಟ್ಟಿ ಒತ್ತು ಕೊಟ್ಟು. ಕರವಸ್ತ್ರ ಬಿಡಿಸಿದವು. ಎಲ್ಡನ್ ವೇದಿಕೆಯಿಂದ ಇಳಿದು, ತಲೆ ತಗ್ಗಿಸಿ ನಡೆದು, ಮೊದಲ ಸಾಲಿನ ಮಧ್ಯದಲ್ಲಿದ್ದ ಕ್ಲಿಂಗರಮ್ಮನ ಅಂಗೈಯಲ್ಲಿ ಕೀಲಿಯಿಟ್ಟ.

"ಇದಕ್ಕೆ ಇದೊಂದೇ ಕೀಲಿ ಅಮ್ಮ" ಎಂದ. "ಇನ್ನು ಅವರ ತಂಟೆಗೆ ಯಾರೂ ಬರೋ ಹಾಗಿಲ್ಲ."

ಕ್ಲಿಂಗರಮ್ಮನಿಗೆ ಯುದ್ಧ ಮರೆತುಹೋಯಿತು. ಕ್ಲಾರೆನ್ಸರು ಹೋದ ದಿನ ಇದೇ ಕೈ, ಇದೇ ಕರವಸ್ತ್ರ, ಇದೇ ಮಾತು. ಆಕೆ ಬಿಕ್ಕಿ ಬಿಕ್ಕಿ ಅಳತೊಡಗಿದರು. ಅಳುವ ವಿಧವೆಯನ್ನು ಕಂಡರೆ ನಮ್ಮೂರಿನ ಹೆಂಗಸರು ಯೋಚಿಸುವುದಿಲ್ಲ; ಇಬ್ಬರು ತೋಳು ಹಿಡಿದರು, ಒಬ್ಬರು ಕೈಚೀಲ ಎತ್ತಿಕೊಂಡರು, ಮತ್ತೊಬ್ಬರು "ಚರ್ಚಿನ ಅಡುಗೆಮನೇಲಿ ಹಂದಿಮಾಂಸದ ತಟ್ಟೆ ಬಿಸಿ ಮಾಡೋಕೆ ಹೇಳಿ" ಎಂದರು. ಮಣ್ಣಾದ ಮೇಲೆ ಊಟ, ಅದು ಕ್ರಮ. ಇಡೀ ಸೈನ್ಯ ಎದ್ದು ಸಾಲಾಗಿ ಹೊರಟಿತು. ಸೈತಾನನನ್ನು ಸೋಲಿಸಲು ಬಂದವರು ಅವನಿಗೆ ತಿಥಿಯೂಟ ಹಾಕಲು ಹೋದರು.

ನಾನು ತಲೆ ತಗ್ಗಿಸಿ ಆರ್ಗನ್ ನರಳಿಸುತ್ತಿದ್ದೆ; ಬೆಣೆ, ಕೀಲಿಯ ಕತೆ ನನಗೆ ತಿಳಿದದ್ದು ಆಮೇಲೆ. ಎಲ್ಡನ್ ಪೆಟ್ಟಿಗೆಯ ಪಕ್ಕ ಬಂದು ನಿಂತ. ಎಂದಿನಂತೆ ನಾನು ತಲೆಯಾಡಿಸಿದೆ, ಎತ್ತು ಎಂದು. ಅವನು ಎತ್ತಿದ. ಮುಚ್ಚಳ ಬರಲಿಲ್ಲ. ಮತ್ತೆ ಎತ್ತಿದ. ಆಗ ಅವನ ಮುಖ ನೋಡಿದೆ. ಹೆಣಗಳಿಗೆ ಬಣ್ಣ ಹಚ್ಚಿ ಹಚ್ಚಿ ಎಂಥ ಬಿಳುಪನ್ನೂ ಕಂಡಿದ್ದ ಆ ಮನುಷ್ಯನ ಮುಖಕ್ಕೆ ಅವನ ಡಬ್ಬಿಯ ಯಾವ ಬಣ್ಣವೂ ಸಾಲುತ್ತಿರಲಿಲ್ಲ.

ಒಳಗಿನಿಂದ ಬಡಿತ ಕೇಳಿತು. ಹುಡುಗರು ಹುಚ್ಚೆದ್ದು ಕುಣಿದರು. ಬಡಿತ ಜೋರಾಯಿತು, ಅವರೂ ತಾಳಕ್ಕೆ ಕಾಲು ಬಡಿದರು. ನಮ್ಮ ಬ್ಯಾಂಡಿನ ಇತಿಹಾಸದಲ್ಲಿ ಅಷ್ಟು ಯಶಸ್ವಿಯಾದ ಹಾಡು ಮತ್ತೊಂದಿಲ್ಲ.

ನಾನು ತೆರೆ ಎಳೆಸಿದೆ. ಲೋವೆಲ್ ಡ್ರಮ್ಮು ಬಿಗಿಯುವ ಕೀಲಿ ತಂದ. ಅದಕ್ಕೆ ನಾಲ್ಕೇ ಮೂಲೆ. ಅಂಕಣದ ಮಾಲೀಕ ಗಾಲಿಜೋಡು ಬಿಗಿಯುವ ಕೀಲಿಗಳ ಗೊಂಚಲನ್ನೇ ತಂದ. ಒಂದೂ ಒಳಗೆ ಹೋಗಲಿಲ್ಲ. ಪ್ರೂಯಿಟ್ ಸೋದರರು ಕಾರಿನ ಚಕ್ರ ಬಿಚ್ಚುವ ಕಬ್ಬಿಣದಿಂದ ಮೀಟಿದರು. ಕಬ್ಬಿಣ ಬಗ್ಗಿತು. ರುಪರ್ಟರು ಕೊಡುತ್ತಿದ್ದ ಭರವಸೆ ನಿಜವೆಂದು ಆ ದಿನ ನಮಗೆಲ್ಲ ಮನದಟ್ಟಾಯಿತು.

"ಒಳಗೆ ಒಂದು ಗಂಟೆಗಾಗೋ ಗಾಳಿ ಇರತ್ತೆ" ಎಂದ ದೊಡ್ಡ ಪ್ರೂಯಿಟ್.

"ಲೆಕ್ಕದಲ್ಲಿ ಎರಡು ಸಲ ಫೇಲಾದೋನು ನೀನು!" ಎಂದು ಲೋವೆಲ್ ಕೂಗಿದ. "ಅವಳಿಗೆ ಉಬ್ಬಸ ಕಣೋ! ಅವಳಿಗೆ ಬಯಲಲ್ಲೇ ಗಾಳಿ ಸಾಲಲ್ಲ!"

"ಗ್ಯಾಸ್ ಹಚ್ಚಿ ಕೊಯ್ದುಬಿಡೋಣ" ಎಂದ ಅಂಕಣದ ಮಾಲೀಕ.

"ಒಳಗೆ ರೇಷ್ಮೆ, ಹತ್ತಿ. ಸುಟ್ಟುಹೋಗ್ತಾಳೆ" ಎಂದ ಎಲ್ಡನ್. ಮುಚ್ಚಳ ಬಾರದಾದ ಮೇಲೆ ಅವನು ಆಡಿದ ಮೊದಲ ಮಾತು. ಅವನು ಪೆಟ್ಟಿಗೆಗೆ ಬಾಯಿ ಹಚ್ಚಿ, "ಮಗಾ, ಮಾತಾಡಬೇಡ. ಅಳಬೇಡ. ಸಣ್ಣಗೆ ಉಸಿರಾಡು. ನಾನಿದೀನಿ" ಎಂದ. ಒಳಗಿನಿಂದ ಒಂದು ಸಣ್ಣ ತಟ್ಟು ಉತ್ತರವಾಗಿ ಬಂತು. ಅವನು ನೆಟ್ಟಗೆ ನಿಂತ. "ಕೀಲಿ ಹತ್ರ ನಾವು ಹೋಗಿ ಅದನ್ನ ತರೋಷ್ಟು ಹೊತ್ತಿಲ್ಲ. ಇವಳನ್ನೇ ಕೀಲಿ ಹತ್ರ ಒಯ್ಯೋಣ. ಎತ್ರೋ. ಕಾಲು ಮುಂದೆ."

ಎತ್ತಿದೆವು. ಜಾರುವ ನೆಲದ ಮೇಲೆ, ಕಪ್ಪು ನಿಲುವಂಗಿ ತೊಟ್ಟ ನಾಲ್ವರು ಹುಡುಗರು ಪೆಟ್ಟಿಗೆ ಹೊತ್ತು, ಮುಂದೆ ಎಲ್ಡನ್. ಅವನು ಮೂರು ಹೆಜ್ಜೆ ನಡೆದ. ಆಮೇಲೆ ಓಡಿದ.

ಓಡುವುದನ್ನು ಅವನು ಎಂದೂ ಕಲಿತಿರಲಿಲ್ಲ. ಮೊಣಕಾಲು ಎದೆಯವರೆಗೆ ಬರುತ್ತಿತ್ತು, ಕೈಗಳು ಮಾತ್ರ ಹೊಟ್ಟೆಯ ಮುಂದೆ ಕಟ್ಟಿದಂತೆಯೇ ಇದ್ದವು. ಚರ್ಮದ ಅಟ್ಟೆಯ ಬೂಟು ಮೇಣ ತಿಕ್ಕಿದ ನೆಲದಲ್ಲಿ ಜಾರಿ, ಅವನು ಬಾಗಿಲಿನವರೆಗೆ ಅರ್ಧ ಓಡಿ ಅರ್ಧ ಹಾರಿ ತಲುಪಿದ. ಜಗತ್ತಿನ ಯಾವ ವೀರನೂ ರಣರಂಗಕ್ಕೆ ಅಷ್ಟು ಕೆಟ್ಟದಾಗಿ ಓಡಿರಲಾರ. ಅವನ ಹಿಂದೆ ಓಡುತ್ತಿದ್ದ ನಮಗೆ ನಗು ಬರಲಿಲ್ಲ.

ಪೆಟ್ಟಿಗೆಯನ್ನು ಗಾಡಿಗೆ ಏರಿಸಿ, ನಾನು ಡಾರ್ಲೀನಳ ಚೀಲ ಹಿಡಿದು ಮುಂದೆ ಅವನ ಪಕ್ಕ ಕೂತೆ. ಲೋವೆಲ್ ಹಿಂದೆ, ಪೆಟ್ಟಿಗೆಯ ಮೇಲೆ ಕಿವಿಯಿಟ್ಟು. ಹೆಣದ ಗಾಡಿ ಹುಟ್ಟಿದಾಗಿನಿಂದ ಕಂಡಿರದ ವೇಗದಲ್ಲಿ ಹೊರಟಿತು. ಎದುರಿಗೆ ಬಂದ ರೈತರೆಲ್ಲ ತಮ್ಮ ಟ್ರಕ್ಕು ಬದಿಗೆ ನಿಲ್ಲಿಸಿ ಟೋಪಿ ತೆಗೆದರು. ಟೋಪಿ ಎದೆಯವರೆಗೆ ಬರುವಷ್ಟರಲ್ಲಿ ನಾವು ಮಾಯ.

"ತಟ್ತಿದ್ದಾಳಾ?" ಎಂದು ಎಲ್ಡನ್ ಕೂಗಿದ.

"ತಟ್ತಿದಾಳೆ. ಮೆತ್ತಗೆ" ಎಂದ ಲೋವೆಲ್.

ಉದ್ದನೆಯ ನೇರ ದಾರಿಯ ತುದಿಯಲ್ಲಿ ಕಾರುಗಳ ಸಾಲು ಕಂಡಿತು. ನಡುಹಗಲಿನಲ್ಲಿ ದೀಪ ಹಚ್ಚಿಕೊಂಡು, ಒಂದರ ಹಿಂದೊಂದು, ಇರುವೆ ಸಾಲಿನಂತೆ. ಹೆಂಗಸರು ಶವಯಾತ್ರೆಯ ಕ್ರಮವನ್ನು ಚಾಚೂ ತಪ್ಪದೆ ಪಾಲಿಸುತ್ತಿದ್ದರು. ಎದುರಿನಿಂದ ಜೋಳ ತುಂಬಿದ ಲಾರಿಗಳ ಸಾಲು ಬರುತ್ತಿತ್ತು. ದಾಟಿ ಮುಂದೆ ಹೋಗಲು ಜಾಗವಿಲ್ಲ. ಎಲ್ಡನ್ ಹಾರ್ನು ಒತ್ತಿದ. ಹೆಣದ ಗಾಡಿಯ ಹಾರ್ನು ಹೇಗೆ ಕೂಗುತ್ತದೆಂದು ಯಾರಿಗೂ ಗೊತ್ತಿರಲಿಲ್ಲ. ಅವನಿಗೂ ಗೊತ್ತಿರಲಿಲ್ಲವೆಂದು ಕಾಣುತ್ತದೆ, ಬೆಚ್ಚಿಬಿದ್ದ.

ಕೊನೆಯ ಕಾರಿನಲ್ಲಿದ್ದ ಮುದುಕಿ ಕನ್ನಡಿಯಲ್ಲಿ ನಮ್ಮನ್ನು ಕಂಡಳು. ಶವಯಾತ್ರೆಯಲ್ಲಿ ಹೆಣದ ಗಾಡಿ ಹಿಂದೆ ಇರುವುದುಂಟೇ! ಅಪಚಾರವಾಯಿತೆಂದು ಆಕೆ ಕಾರನ್ನು ಹುಲ್ಲಿಗಿಳಿಸಿ ದಾರಿ ಬಿಟ್ಟಳು. ಅವಳನ್ನು ನೋಡಿ ಮುಂದಿನವಳು, ಮುಂದಿನವಳನ್ನು ನೋಡಿ ಅದರ ಮುಂದಿನವಳು. ಒಂದೊಂದೇ ಕಾರು ಬದಿಗೆ ಸರಿಯಿತು, ಅಂಗಿಯ ಗುಂಡಿ ಬಿಚ್ಚಿದ ಹಾಗೆ. ಎಲ್ಲರನ್ನೂ ದಾಟಿ ಎಲ್ಡನ್ ಮೊದಲ ಕಾರಿನ ಎದುರು ಗಾಡಿಯನ್ನು ಅಡ್ಡ ನಿಲ್ಲಿಸಿ ಹಾರಿ ಇಳಿದ.

"ಕೀಲಿ ಕೊಡಿ ಅಮ್ಮ! ಒಳಗೆ ಹುಡುಗಿ ಇದಾಳೆ!"

ಕ್ಲಿಂಗರಮ್ಮ ಕಿಟಕಿ ಇಳಿಸಿದರು. ಅಳು ನಿಂತು ಕೋಪ ಮರಳಿತ್ತು. "ನಾಚಿಕೆ ಆಗಬೇಕು ಎಲ್ಡನ್ ನಿನಗೆ. ನನ್ನ ದುಃಖಾನ ನಿಮ್ಮ ಸೈತಾನನ ನಾಟಕಕ್ಕೆ..."

"ನಾಟಕ ಅಲ್ಲ! ಕೈತಪ್ಪಿ ಬೀಗ ಹಾಕ್ಬಿಟ್ಟೆ. ಡಾರ್ಲೀನ್ ಒಳಗಿದಾಳೆ, ಉಸಿರಾಡೋಕೆ ಆಗ್ತಿಲ್ಲ. ಕೀಲಿ!"

ಅವನು ಕೂಗುತ್ತಿದ್ದ. ಎಲ್ಡನ್ ಸ್ಟ್ರೂಪ್ ಕೂಗುತ್ತಿದ್ದ. ಕ್ಲಿಂಗರಮ್ಮನಿಗೆ ವಿಷಯ ಅರ್ಥವಾದದ್ದು ಮಾತಿನಿಂದಲ್ಲ, ಆ ದನಿಯಿಂದ.

"ಎಸೆದ್ಬಿಟ್ಟೆ ಕಣೋ" ಎಂದರು. "ಈಗಷ್ಟೇ ಬುದ್ಧಿ ಬಂತು, ಸೈತಾನನ ಕಬ್ಬಿಣ ನನಗ್ಯಾಕೆ ಅಂತ ಕಿಟಕಿಯಿಂದ ಆಚೆ ಎಸೆದೆ. ಅಲ್ಲಿ... ಆ ಚರಂಡಿ ಹತ್ರ."

ದಾರಿಯ ಬದಿಗೆ ಸೊಂಟದೆತ್ತರ ಕಳೆ, ಅದರಾಚೆ ಸೋಯಾ ಹೊಲ. ಎಲ್ಡನ್ ಅದರೊಳಗೆ ಮೊಣಕಾಲೂರಿ ಬಿದ್ದ. ಎರಡೂ ಕೈಗಳಿಂದ ಹುಲ್ಲು ಕೀಳತೊಡಗಿದ. ನಾನೂ ಬಿದ್ದೆ. ವಿಧವೆಯರು ಕಾರುಗಳಿಂದಿಳಿದು ಕಪ್ಪು ಲಂಗ ಎತ್ತಿ ಕಟ್ಟಿ ಹುಡುಕಿದರು. ಕಲ್ಲು ಸಿಕ್ಕಿತು, ಬಾಟಲಿ ಸಿಕ್ಕಿತು, ಯಾರದೋ ಹಲ್ಲಿನ ಸೆಟ್ಟು ಸಿಕ್ಕಿತು. ಕೀಲಿ ಸಿಗಲಿಲ್ಲ.

"ಎಲ್ಡನ್ ಮಾಮ!" ಗಾಡಿಯ ಹಿಂದಿನಿಂದ ಲೋವೆಲ್ ಕೂಗಿದ. "ತಟ್ಟೋದು ನಿಂತೋಯ್ತು."

ಎಲ್ಡನ್ ಎದ್ದು ನಿಂತ. ಮೊಣಕಾಲಿಗೆ ಕೆಸರು. ಅವನು ಹುಲ್ಲನ್ನು ನೋಡಲಿಲ್ಲ, ಗಾಡಿಯನ್ನು ನೋಡಲಿಲ್ಲ. ಸುತ್ತ ನಿಂತಿದ್ದ ಹೆಂಗಸರ ಮುಖಗಳನ್ನು ಒಂದೊಂದಾಗಿ ನೋಡಿದ. ಆಮೇಲೆ ಕ್ಲಿಂಗರಮ್ಮನ ಬಳಿಗೆ ಬಂದ.

"ಕೊರಳಲ್ಲಿರೋದು ಕೊಡಿ ಅಮ್ಮ."

ಆಕೆಯ ಕೈ ಎದೆಗೆ ಹೋಯಿತು. "ಇದು ಕ್ಲಾರೆನ್ಸರದು."

"ಗೊತ್ತು."

"ಇದು ಅವರ ಪೆಟ್ಟಿಗೆಗೆ ಮಾತ್ರ ಆಗೋದು. ಇದಕ್ಕೆ ಇದೊಂದೇ ಕೀಲಿ. ನೀನೇ ಹೇಳಿದ್ದು."

"ನಾನೇ ಹೇಳಿದ್ದು" ಎಂದ ಎಲ್ಡನ್. "ಸುಳ್ಳು. ಎಲ್ಲಾ ಪೆಟ್ಟಿಗೆಗೂ ಒಂದೇ ಕೀಲಿ ಅಮ್ಮ. ಕಾರ್ಖಾನೆಯಿಂದ ಡಬ್ಬಿ ತುಂಬ ಬರುತ್ತೆ, ಮೊಳೆ ಬಂದ ಹಾಗೆ."

ಹೊಲಿಗೆಯ ಡಬ್ಬಿಗಳಲ್ಲಿ, ಬೈಬಲಿನ ಪಕ್ಕದಲ್ಲಿ ಕೂತಿದ್ದ ಕೀಲಿಗಳೆಲ್ಲ ಆ ಕ್ಷಣ ಬರೀ ಕಬ್ಬಿಣವಾದವು. ಯಾರೋ ಒಬ್ಬಾಕೆ "ಅಯ್ಯೋ ನನ್ನ ಹರ್ಮನ್" ಎಂದು ಪಿಸುಗುಟ್ಟಿದಳು. ಕ್ಲಿಂಗರಮ್ಮ ಕೀಲಿಯನ್ನು ಮುಷ್ಟಿಯಲ್ಲಿ ಹಿಡಿದು ಎಲ್ಡನ್‌ನನ್ನೇ ನೋಡುತ್ತಿದ್ದರು. ಕೊಡುವುದಿಲ್ಲ ಎಂದೇ ನಾನು ತಿಳಿದೆ. ಆಕೆ ಸರಪಳಿಯನ್ನು ಕತ್ತಿನಿಂದ ತೆಗೆಯಹೋದರು. ಅದು ಟೋಪಿಯ ಪಿನ್ನಿಗೆ ಸಿಕ್ಕಿಕೊಂಡಿತು. ಒಂದೇ ಎಳೆತಕ್ಕೆ ಸರಪಳಿ ಕಿತ್ತು, ಟೋಪಿಯನ್ನೂ ಕಿತ್ತು ಎಸೆದು, ಗಾಡಿಯತ್ತ ನಡೆದರು.

ಎಲ್ಡನ್ ಆಕೆಯ ಕೈಯಿಂದ ಕೀಲಿ ತೆಗೆದುಕೊಂಡ. ತೂತಿಗೆ ಗುರಿಯಿಟ್ಟರೆ ಪಕ್ಕಕ್ಕೆ ಬಡಿಯಿತು, ಮತ್ತೆ ಬಡಿಯಿತು.

"ಸರಿ ಆಚೆ!" ಎಂದು ಕ್ಲಿಂಗರಮ್ಮ ಕೀಲಿ ಕಿತ್ತುಕೊಂಡು ಅವನನ್ನು ಭುಜದಿಂದ ತಳ್ಳಿದರು. "ಯಾವ ಕಡೆಗೆ?"

"ಎಡಕ್ಕೆ."

"ನಿನ್ನ ಎಡವೋ ನನ್ನ ಎಡವೋ, ಬೊಗಳೋ!"

"ಎರಡೂ ಒಂದೇ ಅಮ್ಮ, ನಾವಿಬ್ರೂ ಒಂದೇ ಕಡೆ ನಿಂತಿದೀವಿ!"

ಕೀಲಿ ಒಳಗೆ ಹೋಯಿತು. ತಿರುಗಿತು. ಆಕೆಯ ಮುಖದಲ್ಲಿ ಏನೋ ಒಂದು ಕುಸಿದದ್ದನ್ನು ನಾನು ಕಂಡೆ. ಆಗದೇ ಇರಲಿ ಎಂದು ಮನಸ್ಸಿನ ಒಂದು ಮೂಲೆಯಲ್ಲಿ ಬೇಡಿಕೊಂಡಿದ್ದರೋ ಏನೋ. ಆದರೂ ಕೈ ನಿಲ್ಲಲಿಲ್ಲ. ರಬ್ಬರು ನಿಟ್ಟುಸಿರು ಬಿಟ್ಟಿತು. ಲೋವೆಲ್ ಮುಚ್ಚಳ ಎತ್ತಿದ.

ಡಾರ್ಲೀನಳ ತುಟಿ ನೀಲಿಯಾಗಿತ್ತು, ಕಣ್ಣು ಅರ್ಧ ತೆರೆದಿತ್ತು. ಎಲ್ಡನ್ ಅವಳನ್ನು ಎತ್ತಿ ಕೂರಿಸಿದ, ನಾನು ಔಷಧಿಯನ್ನು ಬಾಯಿಗಿಟ್ಟು ಒತ್ತಿದೆ. ಏನೂ ಆಗಲಿಲ್ಲ. ಮತ್ತೆ ಒತ್ತಿದೆ. ಕ್ಲಿಂಗರಮ್ಮ ಅವಳ ಬೆನ್ನಿಗೆ, ಪಾಠ ಬಾರದ ದಿನ ಬೀಳುತ್ತಿದ್ದಂಥದೇ ಒಂದು ಏಟು ಕೊಟ್ಟರು.

"ಉಸಿರಾಡೇ ಹುಡುಗಿ! ಉಸಿರಾಡು ಅಂದ್ರೆ!"

ಅವಳ ಎದೆಯೊಳಗೆ ತುಕ್ಕು ಹಿಡಿದ ಬಾಗಿಲು ತೆರೆದಂಥ ಸದ್ದಾಯಿತು. ಅವಳು ಗಾಳಿ ಎಳೆದುಕೊಂಡಳು, ಕೆಮ್ಮಿದಳು, ಮತ್ತೆ ಎಳೆದುಕೊಂಡಳು. ಕಣ್ಣು ತೆರೆದು, ಸುತ್ತ ಬಗ್ಗಿದ್ದ ಕಪ್ಪು ಬಟ್ಟೆಯ ಮುದುಕಿಯರನ್ನು ನೋಡಿ, "ನರಕದಲ್ಲೂ ಮಹಿಳಾ ಸಂಘ ಇದ್ಯಾ?" ಎಂದಳು.

ಯಾರೋ ನಕ್ಕರು, ಯಾರೋ ಅತ್ತರು. ಎಲ್ಡನ್ ದಾರಿಯ ಬದಿಗೆ ಕೂತುಬಿಟ್ಟ. ಕ್ಲಿಂಗರಮ್ಮ ಕೀಲಿಯನ್ನು ಲಂಗದ ಅಂಚಿಗೆ ಒರೆಸಿ ಅವನ ಮುಂದೆ ನಿಂತರು.

"ಇನ್ನೂ ಏನೇನು ಸುಳ್ಳು ಹೇಳಿದೀಯಾ ನಮಗೆ?"

"ಕೇಳಿ ಅಮ್ಮ. ಕೇಳಿದ್ದಕ್ಕೆಲ್ಲ ಹೇಳ್ತೀನಿ."

ಆಕೆ ಕೇಳಲು ಬಾಯಿ ತೆರೆದು, ಸುತ್ತ ಕಿವಿ ನಿಮಿರಿಸಿ ನಿಂತ ಹೆಂಗಸರನ್ನು ನೋಡಿದರು. "ಇವತ್ತು ಬೇಡ" ಎಂದು ಕಾರು ಹತ್ತಿದರು.

ಆ ವಾರವೇ ರುಪರ್ಟರು ಎಲ್ಡನ್‌ನನ್ನು ಕೆಲಸದಿಂದ ತೆಗೆದರು. ಅವನು ನಮ್ಮ ಜೊತೆ ಸೇರಿದ. ಆರ್ಗನ್ ಹೊರುವುದು, ಗಾಡಿ ನಡೆಸುವುದು. ನಮ್ಮ ಬ್ಯಾಂಡಿನ ಬದುಕು ಹೆಚ್ಚು ದಿನದ್ದಲ್ಲ. ಸುದ್ದಿ ಪತ್ರಿಕೆಯಲ್ಲಿ ಬಂದದ್ದೇ ಜನ ಮುಗಿಬಿದ್ದರು, ಆದರೆ ಹಾಡು ಕೇಳಲಲ್ಲ, ಪೆಟ್ಟಿಗೆ ನೋಡಲು. ಡಾರ್ಲೀನ್ ನಿಂತೇ ಹಾಡುತ್ತೇನೆಂದಳು. ಒಂದು ಧ್ವನಿಮುದ್ರಿಕೆ ಬಂತು, ಅದರ ಮೇಲಿನ ಚಿತ್ರ ನೋಡಿ ಅಂಗಡಿಯವರು ವಾಪಸ್ಸು ಕಳಿಸಿದರು, ಮುಂದಿನ ಬೇಸಿಗೆಗೆ ನಾವು ಚದುರಿದೆವು.

ಆ ಚಳಿಗಾಲದಲ್ಲಿ ಮಾತ್ರ ಒಂದು ವಿಚಿತ್ರ ನಡೆಯಿತು. ಎಲ್ಡನ್‌ನ ಮನೆಯ ಜಗಲಿಗೆ ವಿಧವೆಯರು ಒಬ್ಬೊಬ್ಬರಾಗಿ ಬರತೊಡಗಿದರು, ಒಬ್ಬರು ಬಂದದ್ದು ಇನ್ನೊಬ್ಬರಿಗೆ ತಿಳಿಯದಂತೆ. ಪ್ರತಿಯೊಬ್ಬರೂ ಒಂದೊಂದು ಪ್ರಶ್ನೆ ಕೇಳಿದರು. ನಿಜವಾಗಿ ನನ್ನ ಉಂಗುರ ಅವರ ಬೆರಳಲ್ಲೇ ಇತ್ತಾ? ಮುಖ ಹಾಗೇ ಇತ್ತಾ, ನೀನು ಸರಿ ಮಾಡಿದ್ದಾ? ಎಲ್ಡನ್ ನಿಧಾನವಾಗಿ, ದನಿ ಎತ್ತದೆ, ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಕೆಲವರು ಅತ್ತು ಹೋದರು, ಒಬ್ಬಾಕೆ ಬಾಗಿಲು ಧಡಾರನೆ ಹಾಕಿ ಹೋದಳು.

ಕ್ಲಿಂಗರಮ್ಮ ಎಲ್ಲರಿಗಿಂತ ಕೊನೆಗೆ ಬಂದರು. ಅವತ್ತು ನಮ್ಮ ಕಾರ್ಯಕ್ರಮವಿತ್ತು, ಎಲ್ಡನ್‌ನನ್ನು ಕರೆದೊಯ್ಯಲು ಬಂದು ನಾನು ಜಗಲಿಯ ಮೇಲೆ ಕಾಯುತ್ತಿದ್ದೆ. ಆಕೆ ನನ್ನನ್ನು ಅಲ್ಲಿನ ಒಂದು ಕುರ್ಚಿಯಷ್ಟೂ ಲೆಕ್ಕಿಸದೆ ಅವನ ಎದುರು ಕೂತರು.

"ಕ್ಲಾರೆನ್ಸರ ಮುಖದಲ್ಲಿ ನಗು ಇತ್ತು. ಶಾಂತಿಯಿಂದ ಹೋದ್ರು ಅಂದಿದ್ದೆ ನೀನು."

ಎಲ್ಡನ್ ಕೈಗಳನ್ನು ನೋಡಿಕೊಂಡ. "ನಾನು ಮಾಡಿದ್ದು ಅಮ್ಮ. ತುಟಿಯೊಳಗೆ ದಾರ ಹಾಕಿ."

ಆಕೆ ಅಂಗಳದ ಹಿಮದತ್ತ ಮುಖ ತಿರುಗಿಸಿದರು.

"ನನಗೆ ಗೊತ್ತಿತ್ತು" ಎಂದರು. "ಒಂದು ಜೀವಮಾನ ಅವರ ಎದುರು ಕೂತು ಊಟ ಮಾಡಿದೀನಿ. ಹಂಗೆ ನಗೋ ಮನುಷ್ಯನೇ ಅಲ್ಲ. ಆದ್ರೂ ಚೆನ್ನಾಗಿ ಕಾಣ್ತಿತ್ತು ಕಣೋ ಅವರಿಗೆ."

ಆಕೆ ಹೊರಡಲು ಎದ್ದರು. ಮೆಟ್ಟಿಲ ಮೇಲೆ ಮಂಜುಗಡ್ಡೆ ಕಟ್ಟಿತ್ತು. ಎಲ್ಡನ್ ಆಕೆಯ ಮೊಣಕೈ ಹಿಡಿದು, ಒಂದೊಂದೇ ಹೆಜ್ಜೆ ಇಡಿಸುತ್ತ, ಕಾರಿನವರೆಗೂ ಕರೆದುಕೊಂಡು ಹೋದ. ನಮ್ಮ ಕಾರ್ಯಕ್ರಮಕ್ಕೆ ತಡವಾಗಿತ್ತು. ನಾನು ಅವಸರಪಡಿಸಲಿಲ್ಲ.